ಕುದಿಯಬೇಕಿದ್ದ ನೀರು ಕುದಿಯದೆ ಕೂತಾಗ

ಧರ್ಮಸ್ಥಳದಿಂದ ಹಾಸನಕ್ಕೆ ವಾಪಸ್ ಹೊರಟಿದ್ದೆವು. ಮೇ ತಿಂಗಳು. ಕಾರಿನಲ್ಲಿ ಐದು ಜನ, ಡಿಕ್ಕಿ ತುಂಬ ಸಾಮಾನು, ಏಸಿ ಆನ್. ಚಾರ್ಮಾಡಿ ಘಾಟಿಯ ತಿರುವುಗಳನ್ನು ಎರಡನೇ ಗೇರಿನಲ್ಲಿ ಹತ್ತುತ್ತಿದ್ದೆ. ಟೆಂಪರೇಚರ್ ಮುಳ್ಳು ಯಾವತ್ತೂ ಹೋಗದ ಜಾಗಕ್ಕೆ ಹೋಗಿ ನಿಂತಿತು. ಕೆಂಪು ಗೆರೆ. ಇನ್ನೊಂದು ನಿಮಿಷಕ್ಕೆ ಬಾನೆಟ್ಟಿನ ಸಂದಿಯಿಂದ ಹಬೆ ಬಂತು. ಇಂಜಿನ್ ಎಳೆಯುವುದನ್ನು ಬಿಟ್ಟಿತು. ಆಮೇಲೆ ತಾನಾಗಿಯೇ ಆಫ್ ಆಯಿತು.

ಎಡಕ್ಕೆ ನಿಲ್ಲಿಸಿ ಎಲ್ಲರೂ ಇಳಿದೆವು. "ಯಾರದ್ದೋ ಕಣ್ಣು ಬಿತ್ತು ಕಣೋ, ಹೊರಡುವಾಗ ಚಕ್ರಕ್ಕೆ ನಿಂಬೆಹಣ್ಣು ಇಡು ಅಂದೆ, ನೀನು ಕೇಳ್ಲಿಲ್ಲ" ಎಂದರು ಅಮ್ಮ. ಬೈಕಿನಲ್ಲಿ ಹೋಗುತ್ತಿದ್ದ ಇಬ್ಬರು ಹುಡುಗರು ನಿಂತು, "ಮುಚ್ಚಳ ತೆಗೆದು ತಣ್ಣೀರು ಹುಯ್ಯಿರಿ ಸಾರ್, ಸರಿಹೋಗುತ್ತೆ" ಎಂದರು. ರೇಡಿಯೇಟರ್, ಅಂದರೆ ಇಂಜಿನ್ನಿನಲ್ಲಿ ಓಡಾಡುವ ನೀರನ್ನು ತಣಿಸುವ ಪೆಟ್ಟಿಗೆ, ಅದರ ಮುಚ್ಚಳ ತೆಗೆಯಲು ನಾನು ಬಟ್ಟೆ ಹಿಡಿದು ಬಗ್ಗಿದ್ದೆ. ಅಷ್ಟರಲ್ಲಿ ಹಿಂದೆ ಬಂದು ನಿಂತ ಪಿಕಪ್ಪಿನ ಡ್ರೈವರ್ ಓಡಿ ಬಂದು ನನ್ನ ಮೊಣಕೈ ಹಿಡಿದರು. "ಮುಟ್ಬೇಡಿ ಸಾರ್. ಮುಖ ಬೆಂದುಹೋಗುತ್ತೆ."

ಆ ಮನುಷ್ಯ ನನ್ನ ಕಣ್ಣು ಉಳಿಸಿದರು. ಅವರು ಹೇಳಿದ್ದು ಯಾಕೆ ನಿಜ ಅನ್ನುವುದನ್ನು ಹೇಳುವುದಕ್ಕೇ ಈ ಲೇಖನ ಬರೆಯುತ್ತಿದ್ದೇನೆ.

ನಿಂಬೆಹಣ್ಣಿನಿಂದ ಕಾರಿಗೆ ಏನೂ ಆಗುವುದಿಲ್ಲ. ಒಳ್ಳೆಯದೂ ಇಲ್ಲ, ಕೆಟ್ಟದ್ದೂ ಇಲ್ಲ. ಆದರೆ ದೃಷ್ಟಿಯಾಯಿತು ಅಂದುಕೊಂಡ ಕ್ಷಣಕ್ಕೆ ನಾವು ಕಾರಣ ಹುಡುಕುವುದನ್ನು ನಿಲ್ಲಿಸುತ್ತೇವಲ್ಲ, ನನಗೆ ಚಿಂತೆ ಆಗುವುದು ಅದಕ್ಕೆ. ಹುಡುಗರು ಹೇಳಿದ ಮಾತು ಇನ್ನೂ ಅಪಾಯದ್ದು, ಯಾಕೆಂದರೆ ಅದು ಮೂಢನಂಬಿಕೆಯ ಹಾಗೆ ಕಾಣುವುದೇ ಇಲ್ಲ. ಬಿಸಿಯಾದದ್ದಕ್ಕೆ ತಣ್ಣೀರು. ಸರಿಯಾಗೇ ಇದೆ ಅನ್ನಿಸುತ್ತದೆ, ಅಲ್ವಾ?

ನೀರು 100 ಡಿಗ್ರಿಗೆ ಕುದಿಯುತ್ತದೆ ಎಂದು ಶಾಲೆಯಲ್ಲಿ ಕಲಿತಿದ್ದೇವೆ. ಅದು ಅರ್ಧ ಮಾತು. ನೀರು ಯಾವಾಗ ಕುದಿಯಬೇಕು ಎಂದು ಶಾಖ ಒಂದೇ ತೀರ್ಮಾನ ಮಾಡುವುದಿಲ್ಲ. ಮೇಲಿನಿಂದ ಒತ್ತುವ ಗಾಳಿಯೂ ಸೇರಿ ತೀರ್ಮಾನ ಮಾಡುತ್ತದೆ. ಮದುವೆ ಮನೆಯ ಊಟದ ಹಾಲ್ ನೆನಪಿಸಿಕೊಳ್ಳಿ. ಹೊರಗೆ ನಿಂತ ಜನ ಒಳಗೆ ನುಗ್ಗಲು ನೋಡುತ್ತಾರೆ. ಒಳಗಿನಿಂದ ನಾಲ್ಕು ಜನ ಬಾಗಿಲು ಒತ್ತಿ ಹಿಡಿದಿರುತ್ತಾರೆ. ಹಸಿವು ಜಾಸ್ತಿಯಾದಷ್ಟೂ ತಳ್ಳಾಟ ಜಾಸ್ತಿ. ಬಾಗಿಲು ಹಿಡಿದವರು ಎಂಟು ಜನವಾದರೆ, ಇನ್ನೂ ಜಾಸ್ತಿ ಹಸಿದ ಜನವನ್ನೂ ತಡೆದು ನಿಲ್ಲಿಸಬಹುದು. ಹಸಿವು ಅಂದರೆ ಶಾಖ. ಬಾಗಿಲು ಹಿಡಿದವರು ಅಂದರೆ ಒತ್ತಡ. ಜನ ಬಾಗಿಲು ದಬ್ಬಿಕೊಂಡು ನುಗ್ಗುವ ಗಳಿಗೆಯೇ ಕುದಿತ.

ನಿಮ್ಮ ಅಡುಗೆಮನೆಯ ಕುಕ್ಕರ್ ಮಾಡುವುದೂ ಇದನ್ನೇ. ಮೇಲಿನ ವೇಟ್ ಬಾಗಿಲು ಹಿಡಿದ ಹಾಗೆ. ಹೊರಗಿನ ಗಾಳಿಯ ಒತ್ತಡದ ಜೊತೆಗೆ ಅಷ್ಟೇ ಇನ್ನೊಂದು ಪಾಲು ಒತ್ತಡವನ್ನು ಒಳಗೆ ಸೇರಿಸುತ್ತದೆ. ಆಗ ನೀರು ಕುದಿಯಲು ಸುಮಾರು 120 ಡಿಗ್ರಿ ಬೇಕು. ಬೇಳೆ ಬೇಗ ಬೇಯುವುದು ಈ 20 ಡಿಗ್ರಿಯಿಂದ. ಇನ್ನು ಇಂಜಿನ್ ಪೂರ್ತಿ ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳವನ್ನು ತೆಗೆದು ತಿರುಗಿಸಿ ನೋಡಿ. ಅದರೊಳಗೆ ಒಂದು ಸ್ಪ್ರಿಂಗು, ಒಂದು ರಬ್ಬರ್ ವಾಷರ್. ಮೇಲೆ 0.9 ಅಂತಲೋ 1.1 ಅಂತಲೋ ಬರೆದಿರುತ್ತದೆ. ಅದು ಒತ್ತಡದ ಲೆಕ್ಕ, ಹೆಚ್ಚುಕಮ್ಮಿ ಕುಕ್ಕರಿನಷ್ಟೇ! ಇದು ಗೊತ್ತಾದ ದಿನ ನನಗೆ ಆದ ಖುಷಿ ಇನ್ನೂ ನೆನಪಿದೆ. ಬಾನೆಟ್ಟಿನ ಕೆಳಗೆ ನಾವು ಒಂದು ಕುಕ್ಕರ್ ಇಟ್ಟುಕೊಂಡು ಓಡಾಡುತ್ತಿದ್ದೇವೆ. ನೀರಿಗೆ ಕೂಲೆಂಟ್ ಎಂಬ ದ್ರವ ಬೆರೆಸಿದ್ದರೆ ಕುದಿಯುವ ಬಿಂದು ಇನ್ನೂ ಸ್ವಲ್ಪ ಮೇಲೆ ಹೋಗುತ್ತದೆ.

ಈಗ ಆ ಮುಚ್ಚಳ ತೆಗೆದರೆ? ಒಳಗೆ 5 ಲೀಟರ್ ನೀರು 120 ಡಿಗ್ರಿಯಲ್ಲಿದೆ ಅಂದುಕೊಳ್ಳಿ. ಒತ್ತಡ ಹೋದ ಕೂಡಲೇ ಅದಕ್ಕೆ 100ರ ಮೇಲೆ ನೀರಾಗಿ ಉಳಿಯಲು ಹಕ್ಕಿಲ್ಲ. ಮೇಲಿನ 20 ಡಿಗ್ರಿಯ ಶಾಖವನ್ನು ಎಲ್ಲಾದರೂ ಕಳೆಯಬೇಕು. ಇರುವುದು ಒಂದೇ ದಾರಿ, ಸ್ವಲ್ಪ ನೀರು ಹಬೆಯಾಗುವುದು. ಎಷ್ಟು? ಲೆಕ್ಕ ಹಾಕಿದರೆ ನೂರಕ್ಕೆ ನಾಲ್ಕು ಪಾಲೂ ಇಲ್ಲ, ಸುಮಾರು 185 ಗ್ರಾಂ. ಒಂದು ಲೋಟ ನೀರು. ಇಷ್ಟೇನಾ ಅನ್ನಬೇಡಿ. ನೀರು ಹಬೆಯಾದರೆ ಸುಮಾರು 1,600 ಪಟ್ಟು ಜಾಗ ಬೇಡುತ್ತದೆ. ಆ ಒಂದು ಲೋಟ ಸುಮಾರು 300 ಲೀಟರ್ ಹಬೆಯಾಗುತ್ತದೆ. ಒಂದೂವರೆ ಡ್ರಮ್. ಅದೂ ಕೆಲವೇ ಕ್ಷಣಗಳಲ್ಲಿ, ನಿಮ್ಮ ಮುಷ್ಟಿಗಿಂತ ಚಿಕ್ಕ ಬಾಯಿಯಿಂದ, ಉಳಿದ ಕುದಿನೀರನ್ನೂ ತಳ್ಳಿಕೊಂಡು ಬರುತ್ತದೆ. ಅಲುಗಾಡಿಸಿದ ಗೋಲಿ ಸೋಡಾದ ಗೋಲಿ ಒತ್ತಿದಾಗ ಆಗುವುದೂ ಹೀಗೇ. ಮುಚ್ಚಿದ್ದಾಗ ಸುಮ್ನೆ ಇದ್ದದ್ದು, ಒತ್ತಡ ತಪ್ಪಿದ ಕೂಡಲೇ ಎಲ್ಲ ಕಡೆಯಿಂದ ಒಟ್ಟಿಗೆ ನೊರೆಯಾಗಿ ಏಳುತ್ತದೆ. ಸೋಡಾದಲ್ಲಿ ಶರ್ಟು ಒದ್ದೆಯಾಗುತ್ತದೆ. ಇಲ್ಲಿ ಚರ್ಮ ಸುಲಿಯುತ್ತದೆ. ಕೆಲವು ಕಾರುಗಳಲ್ಲಿ ಪಕ್ಕದ ಪ್ಲಾಸ್ಟಿಕ್ ಟ್ಯಾಂಕಿನಲ್ಲೂ ಇದೇ ಒತ್ತಡ ಇರುತ್ತದೆ. ರೇಡಿಯೇಟರ್ ಬಿಟ್ಟು ಅದರ ಮುಚ್ಚಳ ತಿರುಗಿಸಿದರೂ ಕಥೆ ಒಂದೇ.

ಈ ಒತ್ತಡದ ಗುಟ್ಟನ್ನು ಮೊದಲು ಅಡುಗೆಗೆ ಹಚ್ಚಿದವನು ಫ್ರಾನ್ಸಿನ ದೆನಿ ಪಾಪೆನ್. 1679ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯವರ ಮುಂದೆ ಬಿಗಿ ಮುಚ್ಚಳದ ಒಂದು ಪಾತ್ರೆ ಇಟ್ಟು, ಅದರಲ್ಲಿ ಮೂಳೆಗಳನ್ನು ಮೆತ್ತಗಾಗುವ ಹಾಗೆ ಬೇಯಿಸಿ ತೋರಿಸಿದ. ಒತ್ತಡ ಮಿತಿ ಮೀರಿದರೆ ತಾನೇ ತೆರೆದುಕೊಳ್ಳುವ ಸೇಫ್ಟಿ ವಾಲ್ವ್ ಕೂಡ ಅವನದೇ. ನಮ್ಮ ಕುಕ್ಕರಿನ ವಿಷಲ್, ರೇಡಿಯೇಟರ್ ಮುಚ್ಚಳದ ಸ್ಪ್ರಿಂಗ್, ಎರಡೂ ಅದರ ಮರಿಮಕ್ಕಳು.

ಇದರ ಉಲ್ಟಾ ಕಥೆ ಚಾರ್ಲ್ಸ್ ಡಾರ್ವಿನ್‌ದು. 1835ರಲ್ಲಿ ಚಿಲಿ ದೇಶದಿಂದ ಆಂಡಿಸ್ ಪರ್ವತ ದಾಟುವಾಗ ರಾತ್ರಿಯಿಡೀ ಒಲೆಯ ಮೇಲಿಟ್ಟರೂ ಆಲೂಗಡ್ಡೆ ಬೇಯಲಿಲ್ಲ. ಜೊತೆಯಲ್ಲಿದ್ದವರು ತಮ್ಮೊಳಗೇ ಮಾತಾಡಿ ತೀರ್ಮಾನಕ್ಕೆ ಬಂದರು: ಪಾತ್ರೆ ಹೊಸದು, ಶಾಪ ತಗುಲಿದೆ, ಅದಕ್ಕೆ ಬೇಯಿಸಲು ಮನಸ್ಸಿಲ್ಲ. ಅಷ್ಟು ಎತ್ತರದಲ್ಲಿ ಗಾಳಿಯ ಒತ್ತಡ ಕಮ್ಮಿ, ನೀರು ಬೇಗ ಕುದಿದು ಅಲ್ಲಿಗೇ ನಿಲ್ಲುತ್ತದೆ, ಬೇಯಿಸುವಷ್ಟು ಬಿಸಿಯೇ ಆಗುವುದಿಲ್ಲ ಎಂದು ಡಾರ್ವಿನ್‌ಗೆ ಗೊತ್ತಿತ್ತು. ನಮ್ಮಲ್ಲೂ ಸುಮಾರು 300 ಮೀಟರ್ ಹತ್ತಿದಂತೆ ಒಂದೊಂದು ಡಿಗ್ರಿ ಇಳಿಯುತ್ತದೆ. ಮುಳ್ಳಯ್ಯನಗಿರಿಯ ತುದಿಯಲ್ಲಿ ತೆರೆದ ಪಾತ್ರೆಯ ನೀರು ಸುಮಾರು 93-94 ಡಿಗ್ರಿಗೇ ಕುದಿಯುತ್ತದೆ. ಮುಚ್ಚಳ ಸಡಿಲವಾದ ಕಾರು ಘಾಟಿ ಹತ್ತುವಾಗಲೇ ಕೈಕೊಡಲು ಇದೂ ಒಂದು ಕಾರಣ.

ದೊಡ್ಡ ಕಾರಣ ಬೇರೆ ಇದೆ. ಇಂಜಿನ್ನಿನಲ್ಲಿ ಪೆಟ್ರೋಲ್ ಉರಿಯುವ ಜಾಗಕ್ಕೆ ಸಿಲಿಂಡರ್ ಎನ್ನುತ್ತಾರೆ. ಅದರೊಳಗೆ ಬೆಂಕಿ ಹತ್ತಿದಾಗ ಅದರ ಶಾಖ 2,000 ಡಿಗ್ರಿ ದಾಟುತ್ತದೆ. ಸುತ್ತಲಿನ ಅಲ್ಯೂಮಿನಿಯಂ ಕರಗುವುದು 660ಕ್ಕೆ. ಕರಗದೆ ಉಳಿದಿರುವುದು ಪಕ್ಕದಲ್ಲಿ ನೀರು ಹರಿಯುತ್ತಿರುವುದರಿಂದ. ಪೆಟ್ರೋಲಿನ ಶಕ್ತಿಯಲ್ಲಿ ಹೆಚ್ಚುಕಮ್ಮಿ ಮೂರನೇ ಒಂದು ಪಾಲು ಈ ನೀರಿಗೆ ಹೋಗುತ್ತದೆ. ಘಾಟಿಯಲ್ಲಿ ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ, ಲೀಟರಿಗೆ 8 ಕಿಲೋಮೀಟರ್ ಕೊಡುತ್ತಾ ಹತ್ತಿದರೆ ಅದು ಸುಮಾರು 11 ಕಿಲೋವ್ಯಾಟ್. ಬಚ್ಚಲಿನ 2 ಕಿಲೋವ್ಯಾಟ್ ಗೀಸರ್ ಐದಾರನ್ನು ಅರ್ಧ ಬಕೆಟ್ ನೀರಿಗೆ ಇಳಿಬಿಟ್ಟ ಹಾಗೆ. ಆ ನೀರು ಹರಿಯುವುದು ನಿಂತರೆ ಒಂದೆರಡು ನಿಮಿಷ ಸಾಕು. ನಾನು ಮುಳ್ಳನ್ನು ನೋಡಿ "ಮುಂದಿನ ತಿರುವಿನಲ್ಲಿ ನಿಲ್ಲಿಸೋಣ" ಅಂದುಕೊಂಡಿದ್ದೆ. ಹಾಗೆ ಅಂದುಕೊಳ್ಳಬೇಡಿ.

ಕಾರುಗಳ ಚರಿತ್ರೆಯಲ್ಲಿ ಮೊದಲ ದೂರ ಪ್ರಯಾಣವೂ ಸಂಸಾರದ್ದೇ, ದಾರಿಯುದ್ದಕ್ಕೂ ರಿಪೇರಿಯದ್ದೇ. 1888ರ ಆಗಸ್ಟ್‌ನಲ್ಲಿ ಬರ್ತಾ ಬೆಂಝ್ ತನ್ನ ಗಂಡ ಕಾರ್ಲ್ ಬೆಂಝ್‌ಗೆ ಹೇಳದೆ, ಅವನು ಮಾಡಿದ ಮೂರು ಚಕ್ರದ ಗಾಡಿ ಹತ್ತಿ, ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು ಜರ್ಮನಿಯ ಮಾನ್‌ಹೈಮ್‌ನಿಂದ ತವರೂರು ಫೋರ್ಟ್ಸ್‌ಹೈಮ್‌ಗೆ ಹೊರಟಳು. ಸುಮಾರು 100 ಕಿಲೋಮೀಟರ್. ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಬಿಡಿಸಿದಳು. ಇಂಧನ ಖಾಲಿಯಾದಾಗ ವೀಸ್ಲೋಖ್ ಊರಿನ ಔಷಧಿ ಅಂಗಡಿಯಲ್ಲಿ ಕೊಂಡಳು. ಏರು ಬಂದಾಗ ಮಕ್ಕಳು ತಳ್ಳಿದರು. ಎಲ್ಲಕ್ಕಿಂತ ಜಾಸ್ತಿ ಕಾಡಿದ್ದು ನೀರು. ಆ ಗಾಡಿಗೆ ಇವತ್ತಿನ ರೇಡಿಯೇಟರ್ ಇರಲಿಲ್ಲ. ನೀರು ಕುದಿದು ಆವಿಯಾಗಿ ಹೋಗುತ್ತಿತ್ತು, ಸಿಕ್ಕ ಸಿಕ್ಕಲ್ಲಿ ತುಂಬಿಸಬೇಕಿತ್ತು. ಶಾಖ ಒಯ್ಯಲು ಅದು ಒಳ್ಳೆಯ ದಾರಿಯೇ. ಒಂದು ಲೀಟರ್ ನೀರನ್ನು 30ರಿಂದ 100 ಡಿಗ್ರಿಗೆ ಬಿಸಿ ಮಾಡಲು ಬೇಕಾದದ್ದಕ್ಕಿಂತ, ಅದನ್ನು ಪೂರ್ತಿ ಆವಿ ಮಾಡಲು ಸುಮಾರು ಏಳೂವರೆ ಪಟ್ಟು ಶಾಖ ಬೇಕು. ಆದರೆ ಊರೂರಿಗೆ ಬಾವಿ ಹುಡುಕಬೇಕು. 1900ರಲ್ಲಿ ವಿಲ್‌ಹೆಲ್ಮ್ ಮೇಬಾಕ್ ಸಾವಿರಾರು ಸಣ್ಣ ಕೊಳವೆಗಳನ್ನು ಜೇನುಗೂಡಿನ ಹಾಗೆ ಜೋಡಿಸಿದ ರೇಡಿಯೇಟರ್ ತಂದ ಮೇಲೆ ಅದೇ ನೀರನ್ನು ಮತ್ತೆ ಮತ್ತೆ ತಣಿಸಿ ಬಳಸುವುದು ಸುಲಭವಾಯಿತು.

ಥರ್ಮೋಸ್ಟಾಟ್ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ರೇಡಿಯೇಟರಿಗೆ ಹೋಗುವ ದಾರಿಯಲ್ಲಿ ಕೂತ ಪುಟ್ಟ ಬಾಗಿಲು ಇದು. ಒಳಗೆ ಮೇಣ. 85 ಡಿಗ್ರಿಯ ಆಸುಪಾಸಿನಲ್ಲಿ ಮೇಣ ಕರಗಿ ಹಿಗ್ಗಿ ಬಾಗಿಲು ತೆರೆಯುತ್ತದೆ. ವಿದ್ಯುತ್ ಬೇಡ, ಕಂಪ್ಯೂಟರ್ ಬೇಡ, ಎಷ್ಟು ಚೆಂದ! ಇದನ್ನು "ನಮ್ಮ ಬಿಸಿಲಿಗೆ ಬೇಡ ಸಾರ್" ಎಂದು ಕಿತ್ತು ಹಾಕುವ ಮೆಕ್ಯಾನಿಕ್‌ಗಳಿದ್ದಾರೆ. ಕಿತ್ತರೆ ಇಂಜಿನ್ ಸರಿಯಾದ ಬಿಸಿಗೆ ಬರುವುದೇ ಇಲ್ಲ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಬೇಗ ಸವೆಯುತ್ತದೆ. ಕೆಲವು ಇಂಜಿನ್‌ಗಳಲ್ಲಿ ಇದೇ ಥರ್ಮೋಸ್ಟಾಟ್ ಅಡ್ಡದಾರಿಯನ್ನೂ ಮುಚ್ಚುವ ಕೆಲಸ ಮಾಡುತ್ತದೆ. ಅಲ್ಲಿ ಇದನ್ನು ತೆಗೆದರೆ ಬಿಸಿ ನೀರು ರೇಡಿಯೇಟರ್ ತಪ್ಪಿಸಿಕೊಂಡು ಓಡಾಡುತ್ತದೆ. ಕೆಟ್ಟಿದ್ದರೆ ಹೊಸದು ಹಾಕಿಸಿ.

ಮುಳ್ಳು ಏರತೊಡಗಿದರೆ ಮೊದಲು ಏಸಿ ಆಫ್ ಮಾಡಿ. ಆಮೇಲೆ ಹೀಟರ್ ಪೂರ್ತಿ ಆನ್, ಅದರ ಫ್ಯಾನೂ ಪೂರ್ತಿ. ಸೆಖೆಯಲ್ಲಿ ಹೀಟರ್ ಹಾಕು ಅಂದರೆ ಮನೆಯವರು ಬೈಯುತ್ತಾರೆ. ಹಾಕಿ. ಡ್ಯಾಶ್‌ಬೋರ್ಡ್ ಹಿಂದಿನ ಹೀಟರ್ ಅಂದರೆ ಅದೇ ನೀರು ಹರಿಯುವ ಎರಡನೇ ಪುಟ್ಟ ರೇಡಿಯೇಟರ್. ಇಂಜಿನ್ನಿನ ಶಾಖವನ್ನು ಕಿಟಕಿಯಿಂದ ಹೊರಗೆ ಕಳಿಸುತ್ತಿದ್ದೀರಿ. ನಿಲ್ಲಿಸಲು ಜಾಗ ಸಿಗುವವರೆಗೆ ಅಷ್ಟು ಸಾಕು. ಹಬೆ ಕಂಡರೆ ಅಥವಾ ಮುಳ್ಳು ಇಳಿಯದಿದ್ದರೆ ಇಂಜಿನ್ ಆಫ್. ಇನ್ನೊಂದು ವಿಷಯ. ನೀರು ಪೂರ್ತಿ ಸೋರಿಹೋಗಿದ್ದರೆ ಸೆನ್ಸರ್ ಗಾಳಿಯಲ್ಲಿ ನಿಂತು ಮುಳ್ಳು ಕೆಳಗಿಳಿಯಬಹುದು. ಹಬೆ ಬಂದ ಮೇಲೆ ಮುಳ್ಳು ಇಳಿದರೆ ಸಮಾಧಾನ ಪಡಬೇಡಿ.

ಓಡುತ್ತಿರುವಾಗಲೇ ಇಂಜಿನ್ ಆಫ್ ಆದರೆ "ಬ್ರೇಕ್ ಹೋಯ್ತು" ಎಂದು ಜನ ಹೆದರುತ್ತಾರೆ. ಬ್ರೇಕ್ ಎಲ್ಲೂ ಹೋಗಿರುವುದಿಲ್ಲ. ನಿಮ್ಮ ಕಾಲಿಗೆ ಸಹಾಯ ಮಾಡುತ್ತಿದ್ದ ಬೂಸ್ಟರ್‌ನಲ್ಲಿ ಒಂದೋ ಎರಡೋ ಸಲಕ್ಕಾಗುವಷ್ಟು ಶಕ್ತಿ ಉಳಿದಿರುತ್ತದೆ. ಪದೇಪದೇ ತುಳಿದು ಅದನ್ನು ಖಾಲಿ ಮಾಡದೆ ಒಂದೇ ಸಮನೆ ಒತ್ತಿ ಹಿಡಿಯಿರಿ. ಪೆಡಲ್ ಗಟ್ಟಿಯಾದರೂ ಜೋರಾಗಿ ತುಳಿದರೆ ಕಾರು ನಿಲ್ಲುತ್ತದೆ. ಸ್ಟೀರಿಂಗ್ ಭಾರವಾಗಬಹುದು. ಕೀ ಮಾತ್ರ ಕಿತ್ತುಕೊಳ್ಳಬೇಡಿ, ಸ್ಟೀರಿಂಗ್ ಲಾಕ್ ಆಗುತ್ತದೆ. ನಿಂತ ಮೇಲೆ ಹ್ಯಾಂಡ್ ಬ್ರೇಕ್, ಮೊದಲ ಗೇರ್, ಹಿಂದೆ ತ್ರಿಕೋನ. ಘಾಟಿಯಲ್ಲಿ ಸೊಪ್ಪಿನ ಕೊಂಬೆ ಮುರಿದಿಡುವ ರೂಢಿ ಒಳ್ಳೆಯದೇ, ಆದರೆ ಕತ್ತಲಲ್ಲಿ ಅದು ಹೊಳೆಯುವುದಿಲ್ಲ. ಚಕ್ರಕ್ಕೆ ಕಲ್ಲು ಕೊಟ್ಟಿದ್ದರೆ ಹೊರಡುವಾಗ ದಯವಿಟ್ಟು ತೆಗೆಯಿರಿ. ರಾತ್ರಿ ಬರುವ ಬೈಕಿನವರ ಜೀವ ಅದು. ಮಕ್ಕಳು, ವಯಸ್ಸಾದವರು ಕಾರಿನಲ್ಲಿ ಕೂರದೆ ರಸ್ತೆಯಿಂದ ದೂರ ನಿಲ್ಲಲಿ. ರಾಷ್ಟ್ರೀಯ ಹೆದ್ದಾರಿಯಲ್ಲಿ 1033ಕ್ಕೆ ಫೋನ್ ಮಾಡಿದರೆ ಸಹಾಯ ಕೇಳಬಹುದು.

ಇನ್ನು ಕಾಯಬೇಕು. ಮುಕ್ಕಾಲು ಗಂಟೆಯಾದರೂ ಬೇಕು. ಕಾಯದೆ ತಣ್ಣೀರು ಹುಯ್ದರೆ ಕಾದ ಹೆಂಚಿಗೆ ನೀರು ಚಿಮುಕಿಸಿದ ಹಾಗೆ, ಲೋಹ ಒಂದು ಕಡೆ ಮಾತ್ರ ಕುಗ್ಗಿ ಸೀಳು ಬಿಡಬಹುದು. ಅತಿಯಾದ ಬಿಸಿಯೇ ಸಾಕಷ್ಟು ಹಾನಿ ಮಾಡಿರುತ್ತದೆ. ಸಿಲಿಂಡರುಗಳಿರುವ ಕೆಳಭಾಗಕ್ಕೆ ಬ್ಲಾಕ್, ಅದರ ಮೇಲೆ ಮುಚ್ಚಿರುವ ಭಾಗಕ್ಕೆ ಹೆಡ್ ಎಂದು ಹೆಸರು. 40 ಸೆಂಟಿಮೀಟರ್ ಉದ್ದದ ಅಲ್ಯೂಮಿನಿಯಂ ಹೆಡ್ 100 ಡಿಗ್ರಿ ಜಾಸ್ತಿ ಬಿಸಿಯಾದರೆ ಸುಮಾರು 0.9 ಮಿಲಿಮೀಟರ್ ಹಿಗ್ಗುತ್ತದೆ. ಕೆಳಗಿನ ಬ್ಲಾಕ್ ಎರಕದ ಕಬ್ಬಿಣದ್ದಾದರೆ ಅದು ಹಿಗ್ಗುವುದು ಅರ್ಧ ಮಾತ್ರ. ಎರಡರ ನಡುವೆ ಸೋರದ ಹಾಗೆ ಇಟ್ಟ ತೆಳು ಹಾಳೆ, ಹೆಡ್ ಗ್ಯಾಸ್ಕೆಟ್, ಸಿಕ್ಕಿಹಾಕಿಕೊಂಡು ಹರಿಯುತ್ತದೆ. ಆಮೇಲೆ ಸೈಲೆನ್ಸರಿನಿಂದ ಬಿಳಿ ಹೊಗೆ, ದಿನಾ ನೀರು ಖಾಲಿ, ದೊಡ್ಡ ಖರ್ಚು.

ಚಾರ್ಮಾಡಿಯ ನಡುದಾರಿಯಲ್ಲಿ ಅಣ್ಣಪ್ಪ ಸ್ವಾಮಿಯ ಗುಡಿ ಇದೆ. ಬಸ್ಸು, ಲಾರಿಯವರು ನಿಲ್ಲಿಸಿ ಕೈಮುಗಿದು ಹೋಗುತ್ತಾರೆ. ಆ ರೂಢಿ ನನಗೆ ಇಷ್ಟ. ನಿಂತ ಆ ಐದು ನಿಮಿಷ ಇಂಜಿನ್ನಿಗೂ ವಿಶ್ರಾಂತಿ. ಇಳಿದು ಕೈಮುಗಿಯುವಾಗ ಒಮ್ಮೆ ಬಗ್ಗಿ ಕಾರಿನ ಕೆಳಗೂ ನೋಡಿ, ಏನಾದರೂ ತೊಟ್ಟಿಕ್ಕುತ್ತಿದೆಯಾ ಎಂದು.

ನಾವು ಒಂದು ಗಂಟೆ ಕಾದೆವು. ಪಿಕಪ್ಪಿನ ಡ್ರೈವರ್ ಅಷ್ಟು ಹೊತ್ತೂ ಜೊತೆಗಿದ್ದರು. ಮೇಲಿನ ಹೋಸ್ ಪೈಪನ್ನು ಒತ್ತಿ, ಮೆತ್ತಗಾಗಿದೆ ಎಂದು ಖಾತ್ರಿ ಮಾಡಿಕೊಂಡು, ದಪ್ಪ ಬಟ್ಟೆ ಹಾಕಿ, ಮುಖ ಪಕ್ಕಕ್ಕೆ ತಿರುಗಿಸಿ, ಮುಚ್ಚಳವನ್ನು ಕಾಲು ಸುತ್ತು ತಿರುಗಿಸಿದರು. ಒಂದು ಗಂಟೆಯ ನಂತರವೂ ಸುಯ್ ಎಂದು ಸದ್ದು ಬಂತು. ಸದ್ದು ನಿಂತ ಮೇಲೆ ಪೂರ್ತಿ ತೆಗೆದರು. ನಾಲ್ಕು ಬಾಟಲಿ ನೀರು ನಿಧಾನವಾಗಿ ಹಿಡಿಯಿತು. ಎರಡು ಸಲ ನಿಲ್ಲಿಸಿ ನಿಲ್ಲಿಸಿ ಕೊಟ್ಟಿಗೆಹಾರ ತಲುಪಿದೆವು. ಅಲ್ಲಿ ಮೆಕ್ಯಾನಿಕ್ ಕೆಳಗಿನ ಹೋಸಿನ ಕ್ಲಿಪ್ ತೋರಿಸಿದರು. ಸಡಿಲವಾಗಿ ತುಕ್ಕು ಹಿಡಿದಿತ್ತು. ನಮ್ಮ ಮನೆಯ ಪಾರ್ಕಿಂಗ್ ನೆಲದಲ್ಲಿ ಮೂರು ವಾರದಿಂದ ಕೂಲೆಂಟಿನ ಒಂದು ಹಸಿರು ಕಲೆ ಇತ್ತು. ನಾನು ಅದನ್ನು ದಿನಾ ದಾಟಿಕೊಂಡು ಹೋಗುತ್ತಿದ್ದೆ. ಮುಚ್ಚಳದ ರಬ್ಬರ್ ವಾಷರ್ ಕೂಡ ಗಟ್ಟಿಯಾಗಿ ಬಿರುಕು ಬಿಟ್ಟಿತ್ತು. ಅಮ್ಮ ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ತಿರುಗಿಸಿ ನೋಡಿ, "ನಮ್ಮ ಕುಕ್ಕರ್ ಗ್ಯಾಸ್ಕೆಟ್ಟೂ ಹೀಗೇ ಆಗುತ್ತೆ, ಆಗ ವಿಷಲ್ಲೇ ಬರಲ್ಲ" ಎಂದರು.