ಖಂಡಗಳ ಅಡಿಗಲ್ಲು: ಬರಿದಾದದ್ದು ಒಮ್ಮೆ, ತುಂಬಿದ್ದು ಹಲವು ಸಲ

ಭೂಮಿಯ ತೊಗಟೆಯ ಕೆಳಗಿನ ಮ್ಯಾಂಟಲ್ ಪದರದ ಮುಖ್ಯ ಶಿಲೆಯಾದ ಪೆರಿಡೊಟೈಟ್‌ನ ರಾಸಾಯನಿಕ ವಿಶ್ಲೇಷಣೆ ಕೈಗೆ ಬಂದರೆ ನಾನು ಮೊದಲು ಎರಡು ವಿಷಯ ನೋಡುತ್ತೇನೆ. ಆಲಿವಿನ್ ಖನಿಜದಲ್ಲಿ ಕಬ್ಬಿಣಕ್ಕೆ ಎದುರಾಗಿ ಮೆಗ್ನೀಸಿಯಂ ಎಷ್ಟಿದೆ? ಲ್ಯಾಂಥನಂನಂಥ ಹಗುರ ವಿರಳ ಭೂಧಾತುಗಳು ಎಷ್ಟಿವೆ? ಖಂಡಗಳ ಅಡಿಯ ಮ್ಯಾಂಟಲ್‌ನಿಂದ ಬಂದ ಕಲ್ಲುಗಳಲ್ಲಿ ಈ ಎರಡು ಸಾಕ್ಷಿಗಳು ಆಗಾಗ ಪರಸ್ಪರ ವಿರುದ್ಧವಾಗಿ ನುಡಿಯುತ್ತವೆ. ಸುಲಭವಾಗಿ ಕರಗುವ ಭಾಗವೆಲ್ಲ ಹೋಗಿಬಿಟ್ಟಿದೆ ಎಂದು ಒಂದು ಹೇಳಿದರೆ, ಎಲ್ಲಕ್ಕಿಂತ ಮೊದಲು ಹೋಗಬೇಕಾಗಿದ್ದ ಧಾತುಗಳೇ ಇಲ್ಲಿ ಧಾರಾಳವಾಗಿವೆ ಎಂದು ಇನ್ನೊಂದು ಹೇಳುತ್ತದೆ.

ಎರಡೂ ನಿಜ. ಅವು ಹೇಳುತ್ತಿರುವುದು ಬೇರೆ ಬೇರೆ ಕಾಲದ ಘಟನೆಗಳನ್ನು, ಅಷ್ಟೇ.

ಮೊದಲನೆಯದು ಕರಗುವಿಕೆ. ಮ್ಯಾಂಟಲ್ ಅಂದರೆ ಕುದಿಯುವ ಶಿಲಾರಸದ ಕಡಲು ಎಂಬ ಚಿತ್ರ ಇನ್ನೂ ಅನೇಕರ ಮನಸ್ಸಿನಲ್ಲಿದೆ. ಅದು ಗಟ್ಟಿ ಕಲ್ಲು. ಬಿಸಿಯಾದ ಆ ಕಲ್ಲು ನಿಧಾನವಾಗಿ ಮೇಲೇರಿ ಒತ್ತಡ ತಗ್ಗಿದಾಗ ಅದರ ಒಂದಂಶ ಮಾತ್ರ ಕರಗುತ್ತದೆ. ಕ್ಯಾಲ್ಸಿಯಂ, ಅಲ್ಯೂಮಿನಿಯಂ ಮತ್ತು ಕಬ್ಬಿಣದ ದೊಡ್ಡ ಪಾಲು ಶಿಲಾರಸದೊಡನೆ ಹೊರಟುಹೋಗುತ್ತದೆ; ಮೆಗ್ನೀಸಿಯಂ ಹೆಚ್ಚಾಗಿ ಹಿಂದೆ ಉಳಿಯುತ್ತದೆ. ಆಲಿವಿನ್‌ನಲ್ಲಿರುವ ಮೆಗ್ನೀಸಿಯಂ ಮತ್ತು ಕಬ್ಬಿಣದ ಪರಮಾಣುಗಳನ್ನು ಕೂಡಿಸಿ 100 ಎಂದುಕೊಂಡರೆ, ಕರಗದ ಮ್ಯಾಂಟಲ್‌ನಲ್ಲಿ ಮೆಗ್ನೀಸಿಯಂ ಪಾಲು 89ರ ಆಸುಪಾಸು. ಪ್ರಾಚೀನ ಖಂಡಭಾಗಗಳಾದ ಕ್ರೇಟಾನ್‌ಗಳ ಅಡಿಯಲ್ಲಿ ಅದು 92, 93. ಮೂರು ನಾಲ್ಕು ಅಂಕದ ವ್ಯತ್ಯಾಸ ಕಣ್ಣಿಗೆ ಸಣ್ಣದು. ಆದರೆ ಅದಕ್ಕಾಗಿ ಮೂಲ ಶಿಲೆಯ ಶೇಕಡಾ 30ರಿಂದ 40ರಷ್ಟು ಕರಗಿ ಹೋಗಿರಬೇಕು. ಇಂದಿನ ಸಾಗರಮಧ್ಯದ ಏಣುಗಳಲ್ಲಿ ಕರಗುವುದು ಶೇಕಡಾ 10ರ ಸುತ್ತ. ಭೂಮಿಯ ಒಡಲು ಇಂದಿಗಿಂತ ಬಿಸಿಯಾಗಿದ್ದ, 250 ಕೋಟಿ ವರ್ಷಗಳಿಗೂ ಹಿಂದಿನ ಆರ್ಕಿಯನ್ ಯುಗದ ಕೆಲಸ ಅದು.

ಹೀಗೆ ಬರಿದಾದದ್ದರಿಂದಲೇ ಖಂಡ ಉಳಿದುಕೊಂಡಿತು. ಕ್ರೇಟಾನ್‌ಗಳ ಕೆಳಗೆ ಸುಮಾರು 200 ಕಿಲೋಮೀಟರ್ ಆಳದವರೆಗೆ ತಣ್ಣನೆಯ ಮ್ಯಾಂಟಲ್ ಅಂಟಿಕೊಂಡಿದೆ. ತಣ್ಣಗಾದದ್ದು ಭಾರವಾಗಿ ಮುಳುಗಬೇಕಲ್ಲ? ಕಬ್ಬಿಣ ಹೋಗಿದೆ, ಅಲ್ಯೂಮಿನಿಯಂ ಕಡಿಮೆಯಾದ್ದರಿಂದ ಭಾರವಾದ ಗಾರ್ನೆಟ್ ಖನಿಜವೂ ಕಡಿಮೆಯಾಗಿದೆ. ಚಳಿಯಿಂದ ಏರಿದ ತೂಕವನ್ನು ಈ ಹಗುರತನ ಸರಿದೂಗಿಸುತ್ತದೆ ಎಂದು 1970ರ ದಶಕದಲ್ಲಿ ವಾದಿಸಿದವರು ಭೂಕಂಪ ವಿಜ್ಞಾನಿ ಥಾಮಸ್ ಜೋರ್ಡಾನ್. ಕರಗುವಾಗ ನೀರಿನಂಶವೂ ಹೊರಟುಹೋಗಿ ಕಲ್ಲು ಬಿರುಸಾಗುತ್ತದೆ.

ಕಲ್ಲು ಕರಗಿದ ಆ ಕಾಲವನ್ನು ಅಳೆಯಲು ರೀನಿಯಂ ಮತ್ತು ಆಸ್ಮಿಯಂ ಧಾತುಗಳ ಜೋಡಿ ಇದೆ. ಕರಗುವಾಗ ರೀನಿಯಂ ಶಿಲಾರಸಕ್ಕೆ ಸೇರುತ್ತದೆ, ಆಸ್ಮಿಯಂ ಕಲ್ಲಿನಲ್ಲೇ ನಿಲ್ಲುತ್ತದೆ. ರೀನಿಯಂ-187 ಕ್ಷಯಿಸಿ ಆಸ್ಮಿಯಂ-187 ಆಗಬೇಕಾದದ್ದು. ತಾಯಿ ಧಾತುವೇ ಇಲ್ಲವಾದ್ದರಿಂದ ಗಡಿಯಾರ ಅಲ್ಲಿಗೇ ನಿಲ್ಲುತ್ತದೆ. ದಕ್ಷಿಣ ಆಫ್ರಿಕದ ಕಾಪ್‌ವಾಲ್ ಕ್ರೇಟಾನ್‌ನ ಅನೇಕ ಕಲ್ಲುಗಳಲ್ಲಿ ಅದು ನಿಂತದ್ದು 250 ಕೋಟಿ ವರ್ಷಗಳಿಗೂ ಹಿಂದೆ.

ಇಷ್ಟೇ ಆಗಿದ್ದರೆ ಕಥೆ ಸರಳವಿರುತ್ತಿತ್ತು. ಆಸ್ಟ್ರೇಲಿಯದ ವಿಕ್ಟೋರಿಯದ ಕಲ್ಲುಗಳನ್ನು ಅಧ್ಯಯನ ಮಾಡಿದ ಫ್ರೆಡರಿಕ್ ಫ್ರೇ ಮತ್ತು ಡೇವಿಡ್ ಗ್ರೀನ್ 1974ರಲ್ಲಿ ಆ ಎರಡು ಸಾಕ್ಷಿಗಳ ಜಗಳವನ್ನು ಸ್ಪಷ್ಟವಾಗಿ ಮುಂದಿಟ್ಟರು. ಒಂದೇ ಕಲ್ಲಿನಲ್ಲಿ ಎರಡು ಘಟಕಗಳಿವೆ: ಕರಗಿ ಉಳಿದ ಶೇಷ ಒಂದು, ಆಮೇಲೆ ನುಸುಳಿದ ದ್ರವ ಬಿಟ್ಟುಹೋದದ್ದು ಇನ್ನೊಂದು. ಈ ಎರಡನೆಯದೇ ಮೆಟಾಸೊಮ್ಯಾಟಿಸಂ. ಹರಳುಗಳ ಅಂಚುಗುಂಟ ಹರಿಯುವ ಅತ್ಯಲ್ಪ ಶಿಲಾರಸ, ಇಲ್ಲವೇ ನೀರು ಮತ್ತು ಕಾರ್ಬೊನೇಟ್ ತುಂಬಿದ ದ್ರವ, ಗಟ್ಟಿ ಕಲ್ಲಿನ ರಾಸಾಯನಿಕ ಸ್ವರೂಪವನ್ನೇ ಬದಲಿಸುತ್ತದೆ. ಕೆಲವೊಮ್ಮೆ ಸೂಕ್ಷ್ಮದರ್ಶಕದಲ್ಲಿ ಏನೂ ಕಾಣದು. ಲೇಶಮಾತ್ರ ಧಾತುಗಳಷ್ಟೇ ಬದಲಾಗಿರುತ್ತವೆ. ಇನ್ನು ಕೆಲವೊಮ್ಮೆ ಗಾರ್ನೆಟ್ ಹರಳಿನ ಸುತ್ತ ಫ್ಲೋಗೊಪೈಟ್ ಎಂಬ ಕಂದು ಅಭ್ರಕ ಮೂಡಿರುತ್ತದೆ. ಅಲ್ಲಿ ಮುಂಚೆ ಅಷ್ಟು ಪೊಟ್ಯಾಸಿಯಂ, ನೀರು ಇರಲು ಸಾಧ್ಯವೇ ಇಲ್ಲ; ಹೊರಗಿನಿಂದಲೇ ಬಂದಿರಬೇಕು.

ವಜ್ರವೂ ಈ ದ್ರವಗಳ ಕೊಡುಗೆಯೇ. ಇಂಗಾಲ ಹೊತ್ತ ದ್ರವ ಹಾರ್ಜ್‌ಬರ್ಗೈಟ್ ಎಂಬ, ಬರಿದಾದ ಪೆರಿಡೊಟೈಟ್ ಶಿಲೆಯೊಳಗೆ ಹಾಯುವಾಗ ವಜ್ರ ಹರಳುಗಟ್ಟುತ್ತದೆ. ಹಾಗಾಗಿಯೇ ಆ ಶಿಲೆಯ ಗುರುತಾದ, ಕ್ರೋಮಿಯಂ ಹೆಚ್ಚಿರುವ, ಕ್ಯಾಲ್ಸಿಯಂ ಕಡಿಮೆಯಿರುವ ನೇರಳೆ ಗಾರ್ನೆಟ್ ಸಿಕ್ಕರೆ ವಜ್ರ ಹುಡುಕುವವರ ಕಣ್ಣರಳುತ್ತದೆ.

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ ಪಾಠ ಸಿಕ್ಕಿದ್ದು ಫ್ರಾನ್ಸಿನ ಪಿರಿನೀಸ್ ಪರ್ವತದ ಲೆರ್ಜ್‌ನಲ್ಲಿ. ಲರ್ಜೊಲೈಟ್ ಶಿಲೆಗೆ, ಅಂದರೆ ಬೇಗ ಕರಗುವ ಕ್ಲೈನೊಪೈರಾಕ್ಸೀನ್ ಖನಿಜ ಧಾರಾಳವಾಗಿರುವ ಪೆರಿಡೊಟೈಟ್‌ಗೆ, ಹೆಸರು ಕೊಟ್ಟ ಮಾದರಿ ಸ್ಥಳ ಅದು. ಹೆಚ್ಚು ಕರಗದೆ ಉಳಿದ ಮ್ಯಾಂಟಲ್ ಹೇಗಿರುತ್ತದೆ ಎಂದು ತೋರಿಸಲು ಬಹಳ ಕಾಲ ಆ ಶಿಲೆಯನ್ನೇ ಬಳಸುತ್ತಿದ್ದರು. 2007ರಲ್ಲಿ ವೆರೊನಿಕ್ ಲೆ ರೂ ಮತ್ತು ಸಂಗಡಿಗರು ಅಲ್ಲಿನ ಎರಡು ಶಿಲೆಗಳ ಗಡಿಯ ರಚನೆ ಮತ್ತು ರಸಾಯನವನ್ನು ನೋಡಿ ಈ ಓದನ್ನು ತಿರುಗಿಸಿಬಿಟ್ಟರು: ಮೊದಲಿದ್ದದ್ದು ಬರಿದಾದ ಹಾರ್ಜ್‌ಬರ್ಗೈಟ್, ಶಿಲಾರಸ ನುಗ್ಗಿ ಅದು ಲರ್ಜೊಲೈಟ್ ಆಯಿತು. ಕ್ಲೈನೊಪೈರಾಕ್ಸೀನ್ ಕಂಡೊಡನೆ ‘ಇದು ಹೆಚ್ಚು ಕರಗಿಲ್ಲ’ ಎಂದು ಬರೆಯುವ ಅಭ್ಯಾಸ ಈಗಲೂ ಪೂರ್ತಿ ಹೋಗಿಲ್ಲ. ವಿದ್ಯಾರ್ಥಿಗಳ ವರದಿಯಲ್ಲಿ ಆ ಸಾಲು ಕಂಡರೆ ನಾನು ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕುತ್ತೇನೆ.

ಮರುತುಂಬುವಿಕೆಗೆ ಬೆಲೆಯೂ ಇದೆ. ಕಬ್ಬಿಣ ಮರಳಿದರೆ ಕಲ್ಲು ಭಾರವಾಗುತ್ತದೆ, ನೀರು ಮರಳಿದರೆ ಮೆದುವಾಗುತ್ತದೆ. ಉತ್ತರ ಚೀನಾ ಕ್ರೇಟಾನ್‌ನ ಪೂರ್ವಭಾಗದಲ್ಲಿ ಸುಮಾರು 47 ಕೋಟಿ ವರ್ಷಗಳ ಹಿಂದೆ ಸಿಡಿದ ಕಿಂಬರ್ಲೈಟ್‌ಗಳು, ಅಂದರೆ ಬಹು ಆಳದಿಂದ ಕೊಳವೆಗಳಲ್ಲಿ ನುಗ್ಗಿ ಬಂದ ಶಿಲಾರಸಗಳು, ವಜ್ರ ತಂದಿವೆ. ವಜ್ರ ಹುಟ್ಟಲು ಆಳ ಬೇಕು; ಅಂದರೆ ಆಗ ಅಲ್ಲಿ ತಣ್ಣನೆಯ ಮ್ಯಾಂಟಲ್‌ನ ದಪ್ಪ ಬೇರು ಇತ್ತು. ಕಳೆದ 6.6 ಕೋಟಿ ವರ್ಷಗಳ ಸೀನೊಜೋಯಿಕ್ ಯುಗದ ಬಸಾಲ್ಟ್ ಲಾವಾಗಳು ಮೇಲೆ ತಂದ ಕಲ್ಲುಗಳಲ್ಲಿ ಆ ಬೇರಿನ ಸುಳಿವಿಲ್ಲ. ಅದು ತುಂಡಾಗಿ ಕೆಳಗೆ ಬಿದ್ದಿತೋ, ಬುಡದಿಂದ ಸವೆಯಿತೋ ಎಂಬ ಚರ್ಚೆ ನಡೆದೇ ಇದೆ. ಪೆಸಿಫಿಕ್ ಫಲಕ ಕೆಳಗೆ ಜಾರುತ್ತ ಹೊತ್ತೊಯ್ದ ನೀರು ಮೊದಲು ಅದನ್ನು ದುರ್ಬಲಗೊಳಿಸದಿದ್ದರೆ ಎರಡೂ ಕಷ್ಟವಿತ್ತು ಎಂದೇ ನನ್ನ ಅನಿಸಿಕೆ.

ಇನ್ನೊಂದು ಎಚ್ಚರಿಕೆಯೂ ಬೇಕು. ನಮಗೆ ಕಲ್ಲು ತಂದುಕೊಡುವ ಕಿಂಬರ್ಲೈಟ್ ಬರುವ ದಾರಿಯಲ್ಲೇ ಹಿಂದಿನ ಶಿಲಾರಸಗಳೂ ಹರಿದಿರಬಹುದು. ಕೊಳವೆಯ ಗೋಡೆಯಿಂದ ಕಿತ್ತುಬಂದ ಚೂರುಗಳಲ್ಲಿ ಕಾಣುವಷ್ಟು ಬದಲಾವಣೆ ಇಡೀ ಖಂಡದ ಅಡಿಯಲ್ಲೂ ಆಗಿದೆ ಎಂದುಕೊಳ್ಳುವ ಮುನ್ನ ಕಲ್ಲಿನ ಸ್ವರೂಪದೊಡನೆ ಬದಲಾಗುವ, ಅದೇ ಪ್ರದೇಶದ ಭೂಕಂಪ ಅಲೆಗಳ ವೇಗವನ್ನೂ ಪಕ್ಕದಲ್ಲಿಟ್ಟು ನೋಡಬೇಕು.