ಸೊಳ್ಳೆಗೆ ಗಂಬೂಸಿಯಾ ಮೀನು ಬಿಡಬಹುದಾ?

"ಸರ್, ಕೊಳದಲ್ಲಿ ಸೊಳ್ಳೆ ಜಾಸ್ತಿ ಆಗಿದೆ. ನಾಲ್ಕು ಗಂಬೂಸಿಯಾ ಮೀನು ತಂದು ಬಿಟ್ಟರೆ ಸಾಕಲ್ವಾ?"

ಬಿಡಬೇಡಿ. ಸಿಹಿನೀರಿನ ಜೀವಿಗಳ ಬಗ್ಗೆ ಪಾಠ ಮಾಡುವ ನನಗೆ ಅತಿ ಹೆಚ್ಚು ಸಲ ಬಂದ ಪ್ರಶ್ನೆ ಇದು. ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಒಂದು ಸಲ ಪೂರ್ತಿ ಬರೆದುಬಿಡುತ್ತೇನೆ.

ಎಲ್ಲರೂ ಕೊಡುವ ಸಾಕ್ಷಿ ಒಂದೇ. "ಬಕೆಟ್‌ನಲ್ಲಿ ಹಾಕಿ ನೋಡಿದೆ ಸರ್, ಸೊಳ್ಳೆ ಮರಿಗಳನ್ನೆಲ್ಲ ನುಂಗಿಹಾಕಿತು." ನುಂಗದೆ ಇನ್ನೇನು ಮಾಡೀತು? ಬಕೆಟ್‌ನಲ್ಲಿ ತಿನ್ನಲು ಬೇರೆ ಏನಿದೆ? ಕೊಳದಲ್ಲಿ ಹಾಗಲ್ಲ. ಅಲ್ಲಿ ಡಾಫ್ನಿಯಾದಂಥ ಪುಟ್ಟ ಜೀವಿಗಳಿವೆ, ಬೇರೆ ಮೀನುಗಳ ಮೊಟ್ಟೆ, ಮರಿಗಳಿವೆ, ಈಗಷ್ಟೇ ಹೊರಬಂದ ಗೊದಮೊಟ್ಟೆಗಳಿವೆ. ಗಂಬೂಸಿಯಾ ಎಲ್ಲವನ್ನೂ ತಿನ್ನುತ್ತದೆ. ತನಗಿಂತ ದೊಡ್ಡ ಮೀನಿನ ರೆಕ್ಕೆಯನ್ನೂ ಕಚ್ಚಿ ಹರಿಯುತ್ತದೆ. ಸೊಳ್ಳೆ ಮರಿ ಅದರ ಊಟದಲ್ಲಿ ಒಂದು ತುತ್ತು ಅಷ್ಟೆ.

ಡಾಫ್ನಿಯಾ ಹೋದರೆ ಏನು ನಷ್ಟ ಅಂತ ಕೇಳಬೇಡಿ. ನೀರಿನಲ್ಲಿ ತೇಲುವ ಪಾಚಿಯನ್ನು ಸೋಸಿ ತಿನ್ನುವುದು ಅದೇ. ಈ ಮೀನು ಬಿಟ್ಟ ಕೊಳಗಳಲ್ಲಿ ಡಾಫ್ನಿಯಾ ಕಡಿಮೆಯಾಗಿ ಪಾಚಿ ಹೆಚ್ಚಿದ್ದನ್ನು 1972ರಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿದೆ.

ಇನ್ನು ಸೊಳ್ಳೆಯ ನಿಜವಾದ ವೈರಿಗಳು. ಒಂದು ಬಿಳಿ ಟ್ರೇಗೆ ಕೊಳದ ತಳದ ನೀರು, ಸ್ವಲ್ಪ ಜೊಂಡು ಹಾಕಿ ಸುಮ್ನೆ ಕೂತು ನೋಡಿ. ಕೆಸರಿನ ಬಣ್ಣದ ಹುಳುವೊಂದು ಅಲ್ಲಾಡದೆ ಕಾದಿರುತ್ತದೆ. ಅದು ಏರೋಪ್ಲೇನ್ ಚಿಟ್ಟೆಯ ಮರಿ. ಸೊಳ್ಳೆ ಮರಿ ಹತ್ತಿರ ಬಂತೋ, ಮಡಚಿಟ್ಟುಕೊಂಡ ಕೆಳತುಟಿ ಕೈಯಂತೆ ಚಾಚಿ, ಹಿಡಿದು, ಬಾಯಿಗೆ ವಾಪಸ್ ಬರುತ್ತದೆ. ಕಣ್ಣು ಮಿಟುಕಿಸಿದರೆ ಕಾಣಿಸದು. ಎಷ್ಟು ವರ್ಷ ನೋಡಿದರೂ ನನಗೆ ಬೇಸರವಾಗಿಲ್ಲ. ಅಂಗಾತ ಈಜುವ ನೀರುತಿಗಣೆಯೂ ಸೊಳ್ಳೆ ಮರಿ ಹಿಡಿಯುವುದರಲ್ಲಿ ಗಟ್ಟಿಗ. ಇಂಥ ಹುಳುಗಳನ್ನು, ಅದರಲ್ಲೂ ಸಣ್ಣವನ್ನು, ಗಂಬೂಸಿಯಾ ತಿನ್ನುತ್ತದೆ. ಸೊಳ್ಳೆ ತಿನ್ನುವವರನ್ನೇ ತಿನ್ನುವ ಮೀನು ತಂದು ಸೊಳ್ಳೆ ಕಡಿಮೆ ಮಾಡುವುದು ಹೇಗೆ?

ಗಂಬೂಸಿಯಾದ ಮೂಲ ಅಮೆರಿಕದ ದಕ್ಷಿಣ ಭಾಗ ಮತ್ತು ಮೆಕ್ಸಿಕೋ. 1905ರಲ್ಲಿ ಹವಾಯಿಗೆ, 1925ರಲ್ಲಿ ಆಸ್ಟ್ರೇಲಿಯಾಕ್ಕೆ ಸೊಳ್ಳೆಯ ನೆಪದಲ್ಲೇ ಒಯ್ದರು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನ ಕೆಲವೇ ಚಿಲುಮೆಗಳಲ್ಲಿ ಬದುಕುವ, ಕೆಂಪು ರೆಕ್ಕೆಯ ಒಂದು ಪುಟ್ಟ ಮೀನು ಇವತ್ತು ಅಳಿವಿನ ಅಂಚಿಗೆ ಬರಲು ಗಂಬೂಸಿಯಾ ದೊಡ್ಡ ಕಾರಣ. ಬಿಟ್ಟ ಮೇಲೆ ವಾಪಸ್ ಹಿಡಿಯೋಣ ಅನ್ನುವುದೂ ಆಗದ ಮಾತು. ಹೆಣ್ಣು ಗಂಬೂಸಿಯಾ ಮೊಟ್ಟೆ ಇಡುವುದಿಲ್ಲ, ನೇರವಾಗಿ ಮರಿ ಹಾಕುತ್ತದೆ, ಗಂಡಿನ ವೀರ್ಯವನ್ನು ತಿಂಗಳುಗಟ್ಟಲೆ ಹೊಟ್ಟೆಯಲ್ಲಿ ಕಾಪಿಡುತ್ತದೆ. ಒಂದೇ ಒಂದು ಹೆಣ್ಣು ಉಳಿದರೂ ಮತ್ತೆ ಕೊಳ ತುಂಬುತ್ತದೆ.

ಸೊಳ್ಳೆಗೆ ಏನು ಮಾಡಬೇಕು? ಡೆಂಗ್ಯೂ ಹರಡುವ ಸೊಳ್ಳೆ ಮೊಟ್ಟೆ ಇಡುವುದು ಹೆಚ್ಚಾಗಿ ಡ್ರಮ್, ಟೈರು, ಹೂಕುಂಡದ ತಟ್ಟೆಗಳಲ್ಲಿ. ಅವುಗಳ ನೀರನ್ನು ವಾರಕ್ಕೊಮ್ಮೆ ಚೆಲ್ಲಿ, ಒಳಗೋಡೆ ಉಜ್ಜಿ ತೊಳೆಯಿರಿ.

ಯಾರೂ ಕೇಳದ ಇನ್ನೊಂದು ವಿಷಯ ಹೇಳಲೇಬೇಕು. ಮಳೆ ಬಂದಾಗ ತುಂಬಿ ಬೇಸಿಗೆಯಲ್ಲಿ ಒಣಗುವ ಹೊಂಡದಲ್ಲಿ ಮೀನಿಲ್ಲ ಅಂತ ಯಾವ ಮೀನನ್ನೂ ಬಿಡಬೇಡಿ, ಆ ಜಾಗದ್ದೇ ಆದರೂ ಸರಿ. ಮೀನು ಇಲ್ಲ ಅಂತಲೇ ಎಷ್ಟೋ ಕಪ್ಪೆಗಳು ಅಲ್ಲಿ ಮೊಟ್ಟೆ ಇಡುತ್ತವೆ. ಬೆನ್ನಡಿಯಾಗಿ ಈಜುವ, ಬೆರಳಿನ ಗೆಣ್ಣಿನಷ್ಟು ಉದ್ದದ ಒಂದು ಜಾತಿಯ ಸಿಗಡಿಯೂ ಅಲ್ಲಿರುತ್ತದೆ. ಹೊಂಡ ಬತ್ತಿದಾಗ ಅದು ಸಾಯುತ್ತದೆ, ಮೊಟ್ಟೆಗಳು ಮಾತ್ರ ಒಣ ಮಣ್ಣಿನಲ್ಲಿ ವರ್ಷಗಟ್ಟಲೆ ಜೀವ ಹಿಡಿದುಕೊಂಡಿದ್ದು, ನೀರು ನಿಂತ ಕೆಲವೇ ದಿನಗಳಲ್ಲಿ ಒಡೆದು ಮರಿಯಾಗುತ್ತವೆ.