ಎಲೆ ಹಾಕಿದ ಮೇಲೆ ಹಿಟ್ಟು ರುಬ್ಬಬೇಡಿ

ಮೈಸೂರಿನ ಒಂದು ಮನೆಯಿಂದ ಫೋನ್ ಬಂತು. "ಸರ್, ಸರ್ವರ್ ಹಳೇದಾಯ್ತು ಅನ್ಸುತ್ತೆ. ಮದುವೆ ವಿಡಿಯೋ ಹಾಕಿದ್ರೆ ಎರಡು ನಿಮಿಷಕ್ಕೊಮ್ಮೆ ನಿಲ್ಲುತ್ತೆ. ಹೊಸ ಕಂಪ್ಯೂಟರ್ ಯಾವುದು ತಗೊಳ್ಳಲಿ?" ಏನೂ ತಗೋಬೇಡಿ, ಒಮ್ಮೆ ಬಂದು ನೋಡ್ತೀನಿ ಅಂದೆ.

ಮನೆಗಳಲ್ಲಿ ಇಂಥ ಸರ್ವರ್ ಕೂರಿಸಿಕೊಡುವುದು ನನ್ನ ಕೆಲಸ. ಇಲ್ಲಿ ಕೆಳಗೆ ಅಪ್ಪ ಅಮ್ಮ, ಮೇಲೆ ಮಗ ಸೊಸೆ, ಹುಬ್ಬಳ್ಳಿಯಲ್ಲಿ ಮಗಳು. ಎಲ್ಲರಿಗೂ ಸೇರಿ ಒಂದೇ ಜೆಲ್ಲಿಫಿನ್ ಸರ್ವರ್. ಒಂದು ಕಂಪ್ಯೂಟರಿನಲ್ಲಿಟ್ಟ ವಿಡಿಯೋಗಳನ್ನು ಟಿವಿ, ಫೋನುಗಳಿಗೆ ಕಳಿಸುವ ಉಚಿತ ಸಾಫ್ಟ್‌ವೇರ್ ಈ ಜೆಲ್ಲಿಫಿನ್. ಇಂಟೆಲ್‌ನ ಮೂರನೇ ಜನರೇಷನ್ ಐ5 ಪ್ರೊಸೆಸರ್ ಇರುವ ಹಳೆಯ ಡೆಸ್ಕ್‌ಟಾಪ್. ಮನೆಯ ಸಮಾರಂಭಗಳ ವಿಡಿಯೋ, ಫೋನಿನಲ್ಲಿ ತೆಗೆದವು, ಕೊಂಡಿದ್ದ ಡಿವಿಡಿಗಳಿಂದ ಇಳಿಸಿಕೊಂಡ ಸಿನಿಮಾ ಎಲ್ಲ ಅದರಲ್ಲೇ ಇದ್ದವು.

ಅಮ್ಮನಿಗೆ ಕೆಳಗಿನ ಟಿವಿಯಲ್ಲಿ ಮದುವೆ ವಿಡಿಯೋ ಹಾಕಲು ಹೇಳಿ ನಾನು ಡ್ಯಾಶ್‌ಬೋರ್ಡ್ ತೆರೆದೆ. ಯಾರು ಏನು ನೋಡುತ್ತಿದ್ದಾರೆ ಎಂದು ತೋರಿಸುವ ಜಾಗ ಇದು. ಅಲ್ಲಿ 'ಟ್ರಾನ್ಸ್‌ಕೋಡ್' ಎಂದಿತ್ತು. ಮಾಹಿತಿಯ ಗುರುತು ಒತ್ತಿದರೆ ಕಾರಣವೂ ಸಿಕ್ಕಿತು: ಈ ವಿಡಿಯೋ ಕೋಡೆಕ್ ಟಿವಿಗೆ ಗೊತ್ತಿಲ್ಲ. ಕೋಡೆಕ್ ಅಂದರೆ ವಿಡಿಯೋವನ್ನು ಕುಗ್ಗಿಸಿ ಕಟ್ಟಿಡುವ ವಿಧಾನ. ಪಕ್ಕದಲ್ಲೇ ವೇಗ, ಸೆಕೆಂಡಿಗೆ 14 ಫ್ರೇಮ್. ವಿಡಿಯೋ ಇರುವುದು 25 ಫ್ರೇಮಿನದು. ಸೆಕೆಂಡಿಗೆ 25 ಬೇಕಾದ ಕಡೆ 14 ಮಾತ್ರ ತಯಾರಾದರೆ ಚಕ್ರ ಸುತ್ತದೆ ಇನ್ನೇನಾಗುತ್ತೆ?

ಫೈಲಿನ ಲೆಕ್ಕ ಹೀಗಿತ್ತು. ಎರಡೂಮುಕ್ಕಾಲು ಗಂಟೆ, 4ಕೆ, 10 ಬಿಟ್ (ಬಣ್ಣದ ಮಟ್ಟಗಳು ಹೆಚ್ಚು) ಎಚ್‌ಇವಿಸಿ, ಸೆಕೆಂಡಿಗೆ ಸುಮಾರು 40 ಮೆಗಾಬಿಟ್. ಒಟ್ಟು 50 ಜಿಬಿ. ಎಚ್‌ಇವಿಸಿ ಎನ್ನುವ ಕೋಡೆಕ್ ಬಂದದ್ದು 2013ರಲ್ಲಿ. ಕೆಳಗಿನ ಟಿವಿಗೆ ಗೊತ್ತಿರುವುದು 2003ರ ಎಚ್.264 ಮಾತ್ರ. ಹಾಗಾಗಿ ಸರ್ವರ್ ಪ್ರತಿ ಫ್ರೇಮನ್ನೂ ಬಿಚ್ಚಿ, ಚಿಕ್ಕದು ಮಾಡಿ, ಮತ್ತೆ ಎಚ್.264 ಆಗಿ ಕಟ್ಟಿ ಕಳಿಸಬೇಕು. ಅದೂ ಅಮ್ಮ ನೋಡುತ್ತಾ ಕೂತಿರುವಾಗಲೇ. ಇದೇ ಟ್ರಾನ್ಸ್‌ಕೋಡಿಂಗ್. ಫೈಲನ್ನು ಇದ್ದ ಹಾಗೇ ಕಳಿಸಿದರೆ ಅದು ಡೈರೆಕ್ಟ್ ಪ್ಲೇ. ಆಗ ಸರ್ವರ್‌ಗೆ ಫೈಲ್ ಓದಿ ಕೊಡುವ ಕೆಲಸ ಬಿಟ್ಟು ಬೇರೇನೂ ಇಲ್ಲ. ಎಷ್ಟು ಹಳೆಯ ಕಂಪ್ಯೂಟರಾದರೂ ನಾಲ್ಕು ಜನಕ್ಕೆ ಆರಾಮಾಗಿ ಕೊಡುತ್ತೆ.

ಇಡ್ಲಿಗೆ ಹಿಟ್ಟನ್ನು ಹಿಂದಿನ ದಿನವೇ ರುಬ್ಬಿಡುತ್ತೇವೆ ಅಲ್ವಾ? ನೆಂಟರಿಗೆ ಎಲೆ ಹಾಕಿದ ಮೇಲೆ ರುಬ್ಬಲು ಕೂರುವುದಿಲ್ಲ. ಇಲ್ಲೂ ಅಷ್ಟೇ. ಹ್ಯಾಂಡ್‌ಬ್ರೇಕ್ ಎನ್ನುವ ಉಚಿತ ಸಾಫ್ಟ್‌ವೇರ್‌ನಲ್ಲಿ ಅದೇ ವಿಡಿಯೋದ ಇನ್ನೊಂದು ಪ್ರತಿಗೆ ಹಚ್ಚಿದೆ: 1080ಪಿ, ಎಚ್.264, ಆಡಿಯೋ ಎಎಸಿ, ಗುಣಮಟ್ಟ 20. ರಾತ್ರಿ ಹತ್ತಕ್ಕೆ ಶುರುವಾಗಿದ್ದು ಬೆಳಗ್ಗೆ ಐದರ ಹೊತ್ತಿಗೆ ಮುಗಿದಿತ್ತು. 50 ಜಿಬಿಯದು 12 ಜಿಬಿ ಆಗಿತ್ತು. ಎರಡೂ ಫೈಲುಗಳನ್ನು ಒಂದೇ ಫೋಲ್ಡರಿನಲ್ಲಿಟ್ಟೆ. ಹೆಸರಿನ ಶುರುವಿಗೆ ಫೋಲ್ಡರಿನ ಹೆಸರೇ, ಕೊನೆಗೆ ಒಂದು ಗೆರೆ, ಆಮೇಲೆ 4ಕೆ ಅಥವಾ 1080ಪಿ. ಸಿನಿಮಾ ವಿಭಾಗದಲ್ಲಿ ಹೀಗಿಟ್ಟರೆ ಜೆಲ್ಲಿಫಿನ್ ಇವನ್ನು ಒಂದೇ ವಿಡಿಯೋದ ಎರಡು ಆವೃತ್ತಿ ಎಂದು ತೋರಿಸುತ್ತೆ. ಮೇಲಿನ 4ಕೆ ಟಿವಿಗೆ ದೊಡ್ಡದು, ಕೆಳಗಿನದಕ್ಕೆ ಚಿಕ್ಕದು. ಮೂಲ ಫೈಲನ್ನು ಮಾತ್ರ ಅಳಿಸಬೇಡಿ. ಮದುವೆ ಇನ್ನೊಮ್ಮೆ ಶೂಟ್ ಮಾಡೋಕಾಗಲ್ಲ.

ಇಷ್ಟಾದರೂ ಅಮ್ಮನ ಟ್ಯಾಬ್ಲೆಟ್‌ನಲ್ಲಿ ಟ್ರಾನ್ಸ್‌ಕೋಡ್ ನಿಂತಿರಲಿಲ್ಲ. ಈ ಸಲದ ಕಾರಣ ಬೇರೆ: ಬಿಟ್‌ರೇಟ್, ಅಂದರೆ ಸೆಕೆಂಡಿಗೆ ಹೋಗುವ ಡೇಟಾ, ಮಿತಿ ಮೀರಿದೆ. ಯಾವಾಗಲೋ ಊರಿಗೆ ಹೋಗಿದ್ದಾಗ ಡೇಟಾ ಉಳಿಸಲು ಆ್ಯಪ್‌ನಲ್ಲಿ ಕ್ವಾಲಿಟಿಯನ್ನು 4 ಮೆಗಾಬಿಟ್‌ಗೆ ಇಳಿಸಿದ್ದರಂತೆ. ಅದು ಹಾಗೇ ಉಳಿದಿತ್ತು. ನಾನು ಅತಿ ಹೆಚ್ಚು ಕಾಣುವ ತಪ್ಪು ಇದೇ. ವಿಡಿಯೋ ನಿಂತು ನಿಂತು ಬಂದರೆ ಜನ ಮೊದಲು ಕ್ವಾಲಿಟಿ ಇಳಿಸುತ್ತಾರೆ, ಸರ್ವರ್‌ಗೆ ಹಗುರ ಆಗುತ್ತೆ ಅಂತ. ಆಗುವುದು ಉಲ್ಟಾ. ಇಳಿಸಿದ ತಕ್ಷಣ ಆ ಅಳತೆಗೆ ಹೊಸದಾಗಿ ಕಟ್ಟುವ ಕೆಲಸ ಸರ್ವರ್ ತಲೆಗೆ ಬೀಳುತ್ತೆ. ಹಗುರವಾಗುವುದು ನೆಟ್‌ವರ್ಕ್ ಮಾತ್ರ. ಮನೆಯೊಳಗೆ ಎಲ್ಲ ಆ್ಯಪ್‌ಗಳಲ್ಲೂ ಕ್ವಾಲಿಟಿ ಗರಿಷ್ಠದಲ್ಲೇ ಇರಲಿ. ವೈಫೈ 2.4 ಗಿಗಾಹರ್ಟ್ಸ್‌ನಲ್ಲಿದ್ದರೆ 5ಕ್ಕೆ ಬದಲಿಸಿ.

ಸಬ್‌ಟೈಟಲ್ ಬಗ್ಗೆ ಒಂದು ಮಾತು ಹೇಳಲೇಬೇಕು, ಯಾಕಂದ್ರೆ ಇದನ್ನು ಯಾರೂ ಅನುಮಾನಿಸುವುದಿಲ್ಲ. ಡಿವಿಡಿ, ಬ್ಲೂರೇಯಿಂದ ಬಂದ ಸಬ್‌ಟೈಟಲ್ ಅಕ್ಷರಗಳಲ್ಲ, ಚಿತ್ರಗಳು. ಅವನ್ನು ತೋರಿಸಲು ಬಾರದ ಟಿವಿಗೆ ಸರ್ವರ್ ಅವನ್ನು ವಿಡಿಯೋ ಮೇಲೇ ಅಚ್ಚೊತ್ತಿ ಕಳಿಸಬೇಕಾಗುತ್ತೆ. ಅಂದರೆ ಇಡೀ ವಿಡಿಯೋ ಟ್ರಾನ್ಸ್‌ಕೋಡ್. ಅದೇ ಸಿನಿಮಾಗೆ ಎಸ್‌ಆರ್‌ಟಿ ಎನ್ನುವ ಅಕ್ಷರರೂಪದ ಸಬ್‌ಟೈಟಲ್ ಫೈಲ್ ಇಟ್ಟರೆ ಅಕ್ಷರಗಳು ಬೇರೆಯಾಗಿ ಹೋಗುತ್ತವೆ, ವಿಡಿಯೋ ಮುಟ್ಟುವ ಅಗತ್ಯವೇ ಇರಲ್ಲ. ಬರೀ ಆಡಿಯೋ ಟ್ರಾನ್ಸ್‌ಕೋಡ್ ಎಂದು ಕಂಡರೆ ತಲೆಕೆಡಿಸಿಕೊಳ್ಳಬೇಡಿ. ಸ್ಯಾಮ್‌ಸಂಗ್ 2018ರಿಂದ ಟಿವಿಗಳಲ್ಲಿ ಡಿಟಿಎಸ್ ಎನ್ನುವ ಆಡಿಯೋ ವಿಧಾನವನ್ನು ಕೈಬಿಟ್ಟಿತು, ಹಾಗಾಗಿ ಅಲ್ಲಿ ಅದು ಕಾಣುತ್ತೆ. ಸರ್ವರ್‌ಗೆ ಅದು ಭಾರವೇ ಅಲ್ಲ.

ಇನ್ನು ಹುಬ್ಬಳ್ಳಿಯ ಮಗಳು. ಹೊರಗಿನವರಿಗೆ ಲೆಕ್ಕ ಬೇರೆ. ಅಲ್ಲಿ ಮುಖ್ಯವಾಗುವುದು ಮೈಸೂರಿನ ಮನೆಯ ಅಪ್‌ಲೋಡ್ ವೇಗ. ಆ ಮನೆಯದು 50 ಎಂಬಿಪಿಎಸ್. ಮಗಳು 4ಕೆ ಪ್ರತಿ ಒತ್ತಿದರೆ 40 ಅಲ್ಲೇ ಖಾಲಿ. ಅದೇ ಹೊತ್ತಿಗೆ ಮಗನಿಗೆ ಆಫೀಸಿನ ವಿಡಿಯೋ ಕಾಲ್ ಇದ್ದರೆ ಇಬ್ಬರಿಗೂ ಕಷ್ಟ. ಸರ್ವರ್ ಸೆಟ್ಟಿಂಗ್‌ನಲ್ಲಿ ಇಂಟರ್ನೆಟ್ ಮೂಲಕ ನೋಡುವವರಿಗೆ 12 ಮೆಗಾಬಿಟ್ ಮಿತಿ ಹಾಕಿದೆ. ನಮ್ಮ 1080ಪಿ ಪ್ರತಿಯ ಸರಾಸರಿ 10ರ ಆಸುಪಾಸು, ಹಾಗಾಗಿ ಅವರು ಅದನ್ನು ಆರಿಸಿದರೆ ಅದು ಇದ್ದ ಹಾಗೇ ಹೋಗುತ್ತೆ.

ಹೊಸ ಯಂತ್ರ ಯಾವತ್ತೂ ಬೇಡವೇ? ಬೇಕಾಗುತ್ತೆ. ಹೊರಗಿನಿಂದ ನಾಲ್ಕೈದು ಜನ, ಅದರಲ್ಲೂ ಸಣ್ಣ ಮೊಬೈಲ್ ಡೇಟಾದಲ್ಲಿ ನೋಡುವವರು ಇದ್ದರೆ ಟ್ರಾನ್ಸ್‌ಕೋಡಿಂಗ್ ತಪ್ಪದು. ಆಗ ನೋಡಬೇಕಾದ್ದು ಪ್ರೊಸೆಸರಿನ ಶಕ್ತಿಯನ್ನಲ್ಲ, ಅದರೊಳಗಿನ ಗ್ರಾಫಿಕ್ಸನ್ನು. ಇಂಟೆಲ್ 2011ರಲ್ಲಿ ತಂದ ಕ್ವಿಕ್ ಸಿಂಕ್ ಇದೇ ಕೆಲಸಕ್ಕಿರುವ ಭಾಗ. 10 ಬಿಟ್ ಎಚ್‌ಇವಿಸಿ ಬೇಕಾದರೆ ಏಳನೇ ಜನರೇಷನ್ ಅಥವಾ ಆಮೇಲಿನದು ತಗೊಳ್ಳಿ. 2023ರಲ್ಲಿ ಬಂದ ಎನ್100 ಪ್ರೊಸೆಸರ್ ಇರುವ ಪುಟ್ಟ ಪಿಸಿ ಸಾಕು. ಆ ಚಿಪ್‌ನ ಟಿಡಿಪಿ (ಹೊರೆ ಬಿದ್ದಾಗಿನ ವಿದ್ಯುತ್ ಬಳಕೆಯ ಅಂದಾಜು) 6 ವಾಟ್ ಅಷ್ಟೇ, ಹಗಲೂ ರಾತ್ರಿ ಓಡಿದರೂ ಕರೆಂಟ್ ಬಿಲ್ ಹೆಚ್ಚು ಏರಲ್ಲ. ಹೆಸರಿನ ಕೊನೆಗೆ 'ಎಫ್' ಇರುವ ಇಂಟೆಲ್ ಡೆಸ್ಕ್‌ಟಾಪ್ ಪ್ರೊಸೆಸರ್ ಬೇಡ, ಅದರಲ್ಲಿ ಗ್ರಾಫಿಕ್ಸ್ ಕೆಲಸ ಮಾಡಲ್ಲ. ರಾಸ್‌ಬೆರಿ ಪೈ 5 ಎನ್ನುವ ಪುಟ್ಟ ಕಂಪ್ಯೂಟರಿನಲ್ಲೂ ವಿಡಿಯೋ ಕಟ್ಟುವ ಹಾರ್ಡ್‌ವೇರ್ ಇಲ್ಲ. ತಂದ ಮೇಲೆ ಹಾರ್ಡ್‌ವೇರ್ ಆ್ಯಕ್ಸಿಲರೇಷನ್, ಅಂದರೆ ಈ ಕೆಲಸವನ್ನು ಗ್ರಾಫಿಕ್ಸ್‌ಗೆ ಒಪ್ಪಿಸುವ ಸೆಟ್ಟಿಂಗ್, ಆನ್ ಮಾಡುವುದನ್ನು ಮರೆಯಬೇಡಿ. ಜೆಲ್ಲಿಫಿನ್‌ನಲ್ಲಿ ಇದು ಉಚಿತ, ಇಂಥದ್ದೇ ಇನ್ನೊಂದು ಸಾಫ್ಟ್‌ವೇರ್ ಪ್ಲೆಕ್ಸ್‌ನಲ್ಲಿ ಹಣ ಕೊಟ್ಟು ಪಡೆಯುವ ಪ್ಲೆಕ್ಸ್ ಪಾಸ್ ಬೇಕು. ಡಾಕರ್‌ನಲ್ಲಿ (ಸಾಫ್ಟ್‌ವೇರನ್ನು ಕಂಟೇನರ್ ಎನ್ನುವ ಪ್ರತ್ಯೇಕ ಡಬ್ಬಿಯಲ್ಲಿ ಓಡಿಸುವ ವ್ಯವಸ್ಥೆ) ಹಾಕಿದ್ದರೆ ಗ್ರಾಫಿಕ್ಸ್ ಡಿವೈಸನ್ನು ಕಂಟೇನರ್ ಒಳಗೆ ಕೊಟ್ಟಿರಬೇಕು.

ಮೈಸೂರಿನ ಮನೆಗೆ ಅದೇನೂ ಬೇಕಾಗಲಿಲ್ಲ. ಮರುದಿನ ಸಂಜೆ ಅಮ್ಮ ಮತ್ತೆ ವಿಡಿಯೋ ಹಾಕಿದರು. ಡ್ಯಾಶ್‌ಬೋರ್ಡ್‌ನಲ್ಲಿ ಡೈರೆಕ್ಟ್ ಪ್ಲೇ, ಪ್ರೊಸೆಸರ್ ಬಳಕೆ 3 ಪರ್ಸೆಂಟ್. ಧಾರೆ ಎರೆಯುವ ಹೊತ್ತಿಗೆ ಅವರು ರಿಮೋಟ್ ಕೆಳಗಿಟ್ಟು ಸುಮ್ನೆ ನೋಡುತ್ತಾ ಕೂತರು.